ಫರ್‌ಮಾರ್ಕ್ ಪಾಸಾದರೆ ಗ್ರಾಫಿಕ್ಸ್ ಕಾರ್ಡ್ ಗಟ್ಟಿ ಎಂದರ್ಥವೇ?

ಪ್ರಶ್ನೆ: ಮುಂಬೈನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580, 8 ಜಿಬಿ ಕಾರ್ಡ್ ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ತಮ್ಮದೇ ಮೆಷಿನ್‌ಗೆ ಹಾಕಿ ಇಪ್ಪತ್ತು ನಿಮಿಷ ನೋಡಿಕೊಳ್ಳಿ ಎಂದಿದ್ದಾರೆ. ಅಷ್ಟರಲ್ಲಿ ಏನೇನು ಪರೀಕ್ಷಿಸಲಿ?
– ಓದುಗರು, ಡೊಂಬಿವಲಿ

ಉತ್ತರ: ಇಪ್ಪತ್ತು ನಿಮಿಷ ಧಾರಾಳವಾಯಿತು, ಸಿದ್ಧತೆ ಮಾತ್ರ ಮನೆಯಲ್ಲೇ ಮುಗಿದಿರಬೇಕು. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್, ಅದರ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ವಲ್ಕನ್, ಕಾರ್ಡಿನ ಮೇಲೆ ಭಾರಿ ಹೊರೆ ಹಾಕಿ ಬಿಸಿಯೇರಿಸುವ ಫರ್‌ಮಾರ್ಕ್ ಮೂರೂ ಉಚಿತ ಪ್ರೋಗ್ರಾಂಗಳು. ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ.

ಮೊದಲು ಜಿಪಿಯು-ಝಡ್ ತೆರೆದು ಶೇಡರ್ಸ್ (ಚಿಪ್‌ನೊಳಗಿನ ಪುಟ್ಟ ಲೆಕ್ಕದ ಘಟಕಗಳು) ಸಂಖ್ಯೆ ನೋಡಿ. ಅಸಲಿ ಆರ್‌ಎಕ್ಸ್ 580ರಲ್ಲಿ ಅದು 2304. ಅಲ್ಲಿ 2048 ಕಂಡರೆ ಅದು ಅದೇ ಹೆಸರಿನಲ್ಲಿ ಮಾರುವ ಕೆಳದರ್ಜೆಯ ಮಾದರಿ. ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಬೇಕು. ಆಮೇಲೆ ಡೀಫಾಲ್ಟ್ ಕ್ಲಾಕ್ (ಕಾರ್ಡಿಗೆ ನಿಗದಿಯಾದ ವೇಗ) ಸಾಲು: ಕೋರ್, ಅಂದರೆ ಮುಖ್ಯ ಚಿಪ್, 1340 ಮೆಗಾಹರ್ಟ್ಸ್ ಆಸುಪಾಸು ಅಥವಾ ತುಸು ಹೆಚ್ಚು, ಮೆಮೊರಿ 2000 ಇರಬೇಕು. ಕೋರ್ 1150ಕ್ಕೆ ಇಳಿದು ಮೆಮೊರಿ 2100 ದಾಟಿದ್ದರೆ, ಮೈನಿಂಗ್‌ಗೆಂದು (ಕ್ರಿಪ್ಟೊ ನಾಣ್ಯ ಗಳಿಸಲು ಕಾರ್ಡನ್ನು ಬಿಡದೆ ದುಡಿಸುವುದು) ಬಯೋಸ್, ಅಂದರೆ ಕಾರ್ಡಿನೊಳಗಿನ ಮೂಲ ತಂತ್ರಾಂಶ, ತಿದ್ದಿದ್ದಾರೆ ಎಂದೇ ತಿಳಿಯಿರಿ. ಮೈನಿಂಗ್ ಮಾಡಿದ ಕಾರ್ಡ್ ಕೆಟ್ಟದ್ದೇ ಎಂದಲ್ಲ. ಆದರೆ ಅಲ್ಲಿ ಹಗಲೂ ರಾತ್ರಿ ದುಡಿದದ್ದು ಮೆಮೊರಿ ಚಿಪ್‌ಗಳು ಮತ್ತು ಫ್ಯಾನ್. ಹಾಗಾಗಿ ಅವೆರಡನ್ನೇ ಮೊದಲು ಅನುಮಾನಿಸಬೇಕು.

ಈ ಕಾರಣಕ್ಕೇ ಮೆಮ್‌ಟೆಸ್ಟ್ ವಲ್ಕನ್ ಫರ್‌ಮಾರ್ಕ್‌ಗಿಂತ ಮೊದಲು ಓಡಲಿ. ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಐದು ನಿಮಿಷದಲ್ಲಿ ಪಾಸೋ ಅಲ್ಲವೋ ಎಂದು ತಾನೇ ಹೇಳುತ್ತದೆ. ಒಂದೇ ಒಂದು ಎರರ್ ಬಂದರೂ ಕಾರ್ಡ್ ಬೇಡ. ಮೆಮೊರಿ ಚಿಪ್ ಬದಲಿಸುವುದು ಬೆಸುಗೆಯ ಕೆಲಸ, ಇಷ್ಟು ಹಳೆಯ ಕಾರ್ಡಿಗೆ ಆ ಖರ್ಚು ಗಿಟ್ಟುವುದಿಲ್ಲ.

ಉಳಿದ ಹತ್ತು ನಿಮಿಷ ಫರ್‌ಮಾರ್ಕ್, 1920×1080ರಲ್ಲಿ. ಉಷ್ಣತೆ ಏರಿ ಒಂದು ಕಡೆ ನಿಲ್ಲಬೇಕು. ಹತ್ತನೇ ನಿಮಿಷದಲ್ಲೂ ಏರುತ್ತಲೇ ಇದ್ದರೆ ಥರ್ಮಲ್ ಪೇಸ್ಟ್ ಒಣಗಿದೆ, ಇಲ್ಲವೇ ಫ್ಯಾನ್ ಸೋತಿದೆ. ಪರದೆಯ ಮೇಲೆ ಬಣ್ಣದ ಚುಕ್ಕಿ, ಚೌಕ ಮಿನುಗಿದರೆ ಅಲ್ಲಿಗೇ ನಿಲ್ಲಿಸಿ. ಫ್ಯಾನಿನ ಹತ್ತಿರ ಕಿವಿಯಿಡಿ. ಗರಗರ ಎಂದರೆ ಬೇರಿಂಗ್ ಸವೆದಿದೆ. ಅದನ್ನು ಬದಲಿಸಬಹುದು, ಬೆಲೆ ಇಳಿಸಿ ಕೇಳಿ.

ಇನ್ನೊಂದು ಮಾತು. ಅಂಗಡಿಯ ಎಸಿಯಲ್ಲಿ 24 ಡಿಗ್ರಿ ಇರುತ್ತದೆ, ಮೇ ತಿಂಗಳಲ್ಲಿ ನಿಮ್ಮ ಮನೆಯ ಕೋಣೆಯಲ್ಲಿ 34. ಫ್ಯಾನ್ ವೇಗ ಅಷ್ಟೇ ಇದ್ದರೆ ಕಾರ್ಡಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಅಂಗಡಿಯಲ್ಲಿ 72 ಕಂಡದ್ದನ್ನು ಮನೆಯಲ್ಲಿ 82 ಎಂದು ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ನನ್ನದು ಆರ್‌ಟಿಎಕ್ಸ್ 3060. ಫರ್‌ಮಾರ್ಕ್ ಅರ್ಧ ಗಂಟೆ ಓಡಿಸಿದರೂ ಏನೂ ಆಗುವುದಿಲ್ಲ, 70 ಡಿಗ್ರಿ ದಾಟುವುದಿಲ್ಲ. ಗೇಮ್ ಆಡುವಾಗ ಮಾತ್ರ ಪರದೆ ಕಪ್ಪಾಗುತ್ತದೆ. ಹೀಗೇಕೆ?
– ಓದುಗರು, ಪಿಂಪ್ರಿ, ಪುಣೆ

ಉತ್ತರ: ಬಹಳ ಮಂದಿ ಎಡವುವುದು ಇಲ್ಲೇ. ಫರ್‌ಮಾರ್ಕ್ ಕಾರ್ಡನ್ನು ಅದರ ವಿದ್ಯುತ್ ಮಿತಿಗೆ, ಅಂದರೆ 3060ಕ್ಕೆ 170 ವ್ಯಾಟ್‌ಗೆ, ತಳ್ಳಿಬಿಡುತ್ತದೆ. ಮಿತಿ ಮುಟ್ಟಿದ ಕಾರ್ಡ್ ತನ್ನ ಕ್ಲಾಕ್ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ಗೇಮ್‌ನಲ್ಲಿ 1900 ಮೆಗಾಹರ್ಟ್ಸ್ ಮುಟ್ಟುವ ಚಿಪ್ ಇಲ್ಲಿ ಅದಕ್ಕಿಂತ ಬಹಳ ಕೆಳಗೆ ಓಡುತ್ತಿರಬಹುದು. ಪರೀಕ್ಷೆಯಾದದ್ದು ಕೂಲರ್, ಮೇಲಿನ ವೇಗದಲ್ಲಿ ಚಿಪ್ ನಿಲ್ಲುತ್ತದೆಯೇ ಎಂಬುದು ಪರೀಕ್ಷೆಯಾಗಲೇ ಇಲ್ಲ.

ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ (ಕಾರ್ಡಿನ ವೇಗ ಹೊಂದಿಸುವ ಪ್ರೋಗ್ರಾಂ) ರೀಸೆಟ್ ಒತ್ತಿ ಎಲ್ಲವನ್ನೂ ಮೂಲಸ್ಥಿತಿಗೆ ತನ್ನಿ. ಬಳಿಕ ಗ್ರಾಫಿಕ್ಸ್ ಪರೀಕ್ಷೆಯ ಯೂನಿಜಿನ್ ಹೆವನ್ ಒಂದು ಗಂಟೆ ಸುತ್ತುತ್ತಿರಲಿ. 2009ರ ಪ್ರೋಗ್ರಾಂ ಆದ್ದರಿಂದ 3060ಕ್ಕೆ ಹಗುರ. ಅದೇ ಅದರ ಗುಣ, ಕ್ಲಾಕ್ ಎತ್ತರದಲ್ಲೇ ಉಳಿಯುತ್ತದೆ. ಅದೂ ಪಾಸಾದರೆ ಒಸಿಸಿಟಿ ಎಂಬ ಪರೀಕ್ಷಾ ಪ್ರೋಗ್ರಾಂನ 3ಡಿ ಅಡಾಪ್ಟಿವ್ ಪರೀಕ್ಷೆಯಲ್ಲಿ ಹೊರೆ ಏರಿಳಿಯುವ ಸ್ವಿಚ್ ಆಯ್ಕೆ ಬಳಸಿ. ತಪ್ಪುಗಳನ್ನು ಎಣಿಸಿ ತೋರಿಸುವುದರಿಂದ ಪರದೆಯನ್ನೇ ದಿಟ್ಟಿಸುತ್ತ ಕೂರಬೇಕಿಲ್ಲ. ಎರರ್ ಬಂದರೆ ಆಫ್ಟರ್‌ಬರ್ನರ್‌ನಲ್ಲಿ ಕೋರ್ ಕ್ಲಾಕ್ 50 ಮೆಗಾಹರ್ಟ್ಸ್ ಇಳಿಸಿ ಮತ್ತೆ ಓಡಿಸಿ. ಎರರ್ ಬರುವುದು ನಿಂತರೆ ದೋಷ ಚಿಪ್‌ನದು. ವಾರಂಟಿ ಇದ್ದರೆ ಕ್ಲಾಕ್ ಇಳಿಸಿಕೊಂಡು ಸುಮ್ಮನಾಗಬೇಡಿ, ಕಾರ್ಡ್ ಬದಲಿಸಿಕೊಳ್ಳಿ.

ವಿಂಡೋಸ್ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ಕೂಡ ತೆರೆಯಿರಿ. 4101 ಸಂಖ್ಯೆಯ ನಮೂದಿದ್ದರೆ ಡಿಸ್‌ಪ್ಲೇ ಡ್ರೈವರ್ ಸ್ಪಂದಿಸದೆ ವಿಂಡೋಸ್ ಅದನ್ನು ಮತ್ತೆ ಎಬ್ಬಿಸಿದೆ ಎಂದರ್ಥ. ಆಗ ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಡ್ರೈವರ್ ಅಳಿಸುವ ಪ್ರೋಗ್ರಾಂ ಬಳಸಿ ಹಳೆಯ ಡ್ರೈವರ್ ಪೂರ್ತಿ ತೆಗೆದು ಹೊಸದು ಹಾಕಿ ನೋಡಿ. ಕಂಪ್ಯೂಟರೇ ರೀಸ್ಟಾರ್ಟ್ ಆಗಿ ಅಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಮಾತ್ರ ಕಂಡರೆ ಗಮನ ವಿದ್ಯುತ್ತಿನ ಕಡೆಗೆ ಹೋಗಲಿ. ಎಚ್‌ಡಬ್ಲ್ಯುಇನ್ಫೋದಲ್ಲಿ (ವೋಲ್ಟೇಜ್, ಉಷ್ಣತೆ ತೋರಿಸುವ ಪ್ರೋಗ್ರಾಂ) 12 ವೋಲ್ಟ್ ಸಾಲು ಹೊರೆ ಬಿದ್ದಾಗ 11.4ಕ್ಕಿಂತ ಕೆಳಗಿಳಿಯಬಾರದು. ಯುಪಿಎಸ್ ಮೂಲಕ ಓಡಿಸುತ್ತಿದ್ದರೆ ಒಮ್ಮೆ ನೇರ ಗೋಡೆಯ ಪ್ಲಗ್‌ಗೆ ಹಾಕಿ ನೋಡಿ. ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಮಾನಿಟರ್ ಸೇರಿದರೆ ಇಂಥ ಕಂಪ್ಯೂಟರಿಗೆ ಅದು ಅಂಚಿನಲ್ಲೇ ಇರುತ್ತದೆ.

ಪ್ರಶ್ನೆ: ಇಂಥ ಪರೀಕ್ಷೆಯಿಂದಲೇ ಕಾರ್ಡ್ ಸುಟ್ಟುಹೋಗಬಹುದೆ? ನಮ್ಮ ಮನೆ ಕಡಲ ದಂಡೆಗೆ ಹತ್ತಿರ.
– ಓದುಗರು, ವಾಸ್ಕೊ, ಗೋವಾ

ಉತ್ತರ: ಈಗಿನ ಕಾರ್ಡ್‌ಗಳು ಮಿತಿ ಮೀರುವ ಮೊದಲೇ ವೇಗ ಇಳಿಸಿಕೊಳ್ಳುತ್ತವೆ. ಆರೋಗ್ಯವಾಗಿರುವ ಕಾರ್ಡಿಗೆ ಇಪ್ಪತ್ತು–ಮೂವತ್ತು ನಿಮಿಷದಿಂದ ಹಾನಿಯಿಲ್ಲ. ರಾತ್ರಿಯಿಡೀ ಬಿಟ್ಟು ಮಲಗುವುದರಿಂದ ಹೊಸದೇನೂ ತಿಳಿಯುವುದಿಲ್ಲ. ನಿಮ್ಮ ಕಡೆ ಅಪಾಯ ಉಪ್ಪುಗಾಳಿಯದು. ಮಳೆಗಾಲ ಮುಗಿದ ಮೇಲೆ ಕಾರ್ಡ್ ಹೊರತೆಗೆದು ಕನೆಕ್ಟರ್ ಬಳಿ, ಹೀಟ್‌ಸಿಂಕ್ ಅಂಚಿನಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಪರೀಕ್ಷೆ ಆಮೇಲೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಮೃದು ಬ್ರಷ್‌ನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ವಿಪರೀತ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.