ಓದುಗರ ಪ್ರಶ್ನೆ: ಘಾನಾದ ಎನ್‌ಕ್ರುಮಾ

ಪ್ರಶ್ನೆ: ಕ್ವಾಮೆ ಎನ್‌ಕ್ರುಮಾ ಜೈಲಿನಲ್ಲಿದ್ದುಕೊಂಡೇ ಚುನಾವಣೆ ಗೆದ್ದದ್ದು ನಿಜವೇ?
– ವಿದ್ಯಾರ್ಥಿನಿ, ಕುಣಿಗಲ್

ಉತ್ತರ: ನಿಜ. ಘಾನಾ ಆಗ ಬ್ರಿಟಿಷರ ವಸಾಹತು, ಎನ್‌ಕ್ರುಮಾ ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ. 1950ರ ಜನವರಿಯಲ್ಲಿ ಅವರು ಸಾರಿದ ಮುಷ್ಕರ, ಬಹಿಷ್ಕಾರಗಳಿಗಾಗಿ ಬ್ರಿಟಿಷರು ಅವರನ್ನು ಸೆರೆಗೆ ಹಾಕಿದರು. ಹೊರಗೆ ಅವರ ಪಕ್ಷ ನಡೆಸಿದವರು ಸಂಗಾತಿ ಗ್ಬೆಡೆಮಾ. ಸೂಚನೆಗಳನ್ನು ಎನ್‌ಕ್ರುಮಾ ಟಾಯ್ಲೆಟ್ ಪೇಪರಿನ ಮೇಲೆ ಬರೆದು ಗುಟ್ಟಾಗಿ ಕಳಿಸುತ್ತಿದ್ದರು. 1951ರ ಫೆಬ್ರವರಿಯ ಚುನಾವಣೆಯಲ್ಲಿ ರಾಜಧಾನಿ ಅಕ್ರಾದ ಕ್ಷೇತ್ರದ 23,122 ಮತಗಳಲ್ಲಿ 22,780 ಅವರಿಗೇ ಬಿದ್ದವು. ಗವರ್ನರ್ ಬಿಡುಗಡೆ ಮಾಡಿ, ಸರ್ಕಾರ ರಚಿಸಲು ಕರೆದರು. 1952ರಲ್ಲಿ ಪ್ರಧಾನಿ, 1957ರ ಮಾರ್ಚ್ 6ರಂದು ಸ್ವಾತಂತ್ರ್ಯ.

ಪ್ರಶ್ನೆ: ಅಷ್ಟು ಜನಪ್ರಿಯ ನಾಯಕ ಬಿದ್ದದ್ದೇಕೆ?
– ತೆಂಗು ಬೆಳೆಗಾರ, ತಿಪಟೂರು

ಉತ್ತರ: ಕೊಬ್ಬರಿ ದರ ಕುಸಿದರೆ ನಿಮ್ಮೂರು ಹೇಗಾಗುತ್ತದೋ, ಕೋಕೋ ದರ ಕುಸಿದಾಗ ಘಾನಾ ಹಾಗಾಯಿತು. 1954ರಲ್ಲಿ ಜಾಗತಿಕ ದರ ಏರಿದ್ದಾಗ ಸರ್ಕಾರ ರೈತರಿಗೆ 60 ಪೌಂಡ್ ತೂಕದ ಹೊರೆಗೆ 72 ಶಿಲ್ಲಿಂಗ್ ಎಂದು ಕಟ್ಟಿಹಾಕಿತು. ಮಿಕ್ಕದ್ದು ಅಭಿವೃದ್ಧಿಗೆ ಹೋಯಿತು. ಅಶಾಂಟಿ ಎಂಬ ಪ್ರಾಂತ್ಯದ ಬೆಳೆಗಾರರು ಸಿಡಿದೆದ್ದರು, ಅವರ ಸಿಟ್ಟು ನ್ಯಾಯವಾದದ್ದೇ. ಅರವತ್ತರ ದಶಕದಲ್ಲಿ ದರವೇ ನೆಲಕಚ್ಚಿತು, ಸಾಲ ಏರಿತು. ಅಕೊಸೊಂಬೊ ಅಣೆಕಟ್ಟೆಯಂಥ ದೊಡ್ಡ ಕೆಲಸವೂ ಆ ಕಾಲದ್ದೇ, ಅದನ್ನು ಮರೆಯಬಾರದು.

ಆದರೆ ಹಣಕ್ಕಿಂತ ಹೆಚ್ಚು ಕೆಡಿಸಿದ್ದು 1958ರ ಮುನ್ನೆಚ್ಚರಿಕೆ ಬಂಧನ ಕಾಯ್ದೆ ಎಂದೇ ನಮ್ಮ ಅಭಿಪ್ರಾಯ. ವಿಚಾರಣೆಯಿಲ್ಲದೆ ಐದು ವರ್ಷ ಕೂಡಿಹಾಕಬಹುದಿತ್ತು. ಸ್ವಾತಂತ್ರ್ಯ ಹೋರಾಟದ ಹಿರಿಯ ಡಾಂಕ್ವಾ 1965ರಲ್ಲಿ ಸೆರೆಯಲ್ಲೇ ತೀರಿಕೊಂಡರು. 1964ರಲ್ಲಿ ಏಕಪಕ್ಷ ಆಡಳಿತ ಬಂದ ಮೇಲೆ ಮತಪೆಟ್ಟಿಗೆಯ ಮೂಲಕ ಎನ್‌ಕ್ರುಮಾ ಅವರನ್ನು ಇಳಿಸುವ ದಾರಿ ಮುಚ್ಚಿತು. 1966ರ ಫೆಬ್ರವರಿ 24ರಂದು, ಅವರು ವಿದೇಶ ಪ್ರವಾಸದಲ್ಲಿದ್ದಾಗ, ಸೇನೆ ಮತ್ತು ಪೊಲೀಸರು ಅಧಿಕಾರ ಕಿತ್ತುಕೊಂಡರು. ಗಿನಿಯಲ್ಲಿ ಆಶ್ರಯ ಪಡೆದ ಅವರು 1972ರಲ್ಲಿ ಬುಕಾರೆಸ್ಟ್‌ನಲ್ಲಿ ನಿಧನರಾದರು.