ಆ ಗುಳ್ಳೆ ದೋಷ ಅಲ್ಲ, ಹೂದಾನಿ ವಾಪಸ್ ಕೊಡ್ಬೇಡಿ

ಪುತ್ತೂರಿಂದ ಹೋಗಿ ಜರ್ಮನಿಯ ಸ್ಟುಟ್‌ಗಾರ್ಟಲ್ಲಿ ನೆಲೆಸಿರೋ ಓದುಗರೊಬ್ರು ಬರ್ದಿದ್ದಾರೆ: ಹಳೇ ಸಾಮಾನಿನ ಸಂತೇಲಿ ಒಂದು ಗಾಜಿನ ಹೂದಾನಿ ತಗೊಂಡೆ, ಕೈಯಲ್ಲಿ ಊದಿದ್ದು ಅಂತ ಹೇಳಿ ಕೊಟ್ರು, ಮನೇಲಿ ದೀಪದ ಹತ್ರ ಹಿಡಿದ್ರೆ ಒಳಗೆಲ್ಲ ಗುಳ್ಳೆ, ಕೆಂಪು ಬಣ್ಣ ಬಿರುಕು ಬಿಟ್ಟ ಕೆರೆ ಮಣ್ಣಿನ ಥರ ಹರಡಿದೆ, ಬುಡದಲ್ಲಿ ಸಹಿ ಇಲ್ಲ ಸೀಲ್ ಇಲ್ಲ, ಇದು ಡಿಫೆಕ್ಟ್ ಪೀಸಾ, ವಾಪಸ್ ಕೊಡ್ಲಾ?

ಬೇಡ, ದಯವಿಟ್ಟು ಕೊಡ್ಬೇಡಿ. ನೀವು ಕಳ್ಸಿದ ಎರಡೂ ಫೋಟೋ ದೊಡ್ಡದು ಮಾಡಿ ತುಂಬ ಹೊತ್ತು ನೋಡ್ದೆ. ಮೊದ್ಲು ಒಂದು ಕೆಲ್ಸ ಮಾಡಿ. ಹೂದಾನಿ ಕಿಟಕಿ ಹತ್ರ ಓರೆ ಹಿಡಿದು ಒಳಗೊಂದು ಬೆರಳು ಆಡ್ಸಿ, ಹೊರಗಡೆನೂ ಸವರಿ. ಎರಡೂ ಕಡೆ ನುಣ್ಣಗಿದ್ದು ಬಣ್ಣ, ಗುಳ್ಳೆ ಎಲ್ಲ ನಡುವಲ್ಲಿ ಸಿಕ್ಕೊಂಡಿದ್ರೆ ಅದು ಬೇಕೂಂತಲೇ ಮಾಡಿದ್ದು. ಕುಲುಮೆಯಿಂದ ಕೊಳವೆ ತುದಿಗೆ ಗಾಜು ಸುತ್ಕೊಂಡು, ಅದು ಇನ್ನೂ ಜೇನುತುಪ್ಪದ ಹದದಲ್ಲಿರೋವಾಗಲೇ ಬಣ್ಣದ ಪುಡಿ ಮೇಲೆ ಹೊರಳಿಸ್ತಾರೆ, ಮತ್ತೆ ಕಾಯಿಸ್ತಾರೆ, ಅದರ ಮೇಲೆ ಇನ್ನೊಂದು ಪದರ ಬಣ್ಣವಿಲ್ಲದ ಪಾರದರ್ಶಕ ಗಾಜು ಹೊದಿಸಿ ಊದ್ತಾರೆ, ಗಾಜು ಉಬ್ಬಿದಂಗೆ ಪುಡಿ ದೂರ ದೂರ ಸರೀತದೆ, ನಡುವೆ ಸಿಕ್ಕಿದ ಗಾಳಿ ಗುಳ್ಳೆಯಾಗಿ ನಿಲ್ತದೆ. ಎಷ್ಟು ಪುಡಿ, ಎಷ್ಟು ಬಿಸಿ, ಎಷ್ಟು ಉಸಿರು ಅನ್ನೋದು ಆ ಕ್ಷಣದ ಅಂದಾಜು, ಅದಕ್ಕೇ ಎರಡು ಹೂದಾನಿ ಒಂದೇ ಥರ ಬರೋದೇ ಇಲ್ಲ.

ಈ ರೀತಿಯ ಗಾಜಿಗೆ ಹೆಸರು ತಂದಿದ್ದು ನೀವೀಗ ಇರೋ ಊರಿಗೆ ಹತ್ರದಲ್ಲೇ, ಉಲ್ಮ್‌ಗೆ ಹೋಗೋ ರೈಲ್ ದಾರೀಲಿ ಸಿಗೋ ಗೈಸ್ಲಿಂಗೆನ್. ಅಲ್ಲಿನ ಡಬ್ಲ್ಯೂಎಂಎಫ್ ಮೂಲತಃ ಲೋಹದ ಪಾತ್ರೆ ಕಂಪನಿ, 1883ರಲ್ಲಿ ತನ್ನದೇ ಗಾಜಿನ ಕುಲುಮೆ ಹಾಕ್ತು. 1920ರ ದಶಕದಲ್ಲಿ ಕಾರ್ಲ್ ವೀಡ್‌ಮಾನ್ ಅನ್ನೋ ಗಾಜಿನ ಕುಶಲಕರ್ಮಿ ಅಲ್ಲಿ ಮ್ಯೂರಾ ಅಂತ ಹೊನ್ನಿನ ಹೊಳಪಿನ ತೆಳು ಗಾಜು, ಆಮೇಲೆ ಇಕೋರಾ ಅಂತ ದಪ್ಪ ಪದರದ ಗಾಜು ರೂಪಿಸಿದ್ರು. ಇಕೋರಾ ಅನ್ನೋ ಹೆಸರು ಬಂದಿದ್ದು ಇಕ್ಸೋರಾ ಹೂವಿಂದ. ಪುತ್ತೂರಿನವ್ರಿಗೆ ಇಕ್ಸೋರಾ ಅಂದ್ರೆ ಯಾವ್ದು ಅಂತ ಬೇರೆ ಹೇಳ್ಬೇಕಾ, ನಮ್ಮ ಗುಡ್ಡದ ಕೇಪಳ! ಚಿಕ್ಕೋರಿರೋವಾಗ ಹಣ್ಣು ತಿಂದು ನಾಲಿಗೆ ಬಣ್ಣ ಮಾಡ್ಕೊಂಡ ಅದೇ ಗಿಡ. ಇದು ಗೊತ್ತಾದ ದಿನ ನಂಗೆ ಎಷ್ಟು ಖುಷಿಯಾಗಿತ್ತು ಅಂದ್ರೆ ಆಫೀಸಲ್ಲಿ ಎಲ್ರಿಗೂ ಹೇಳ್ಕೊಂಡು ಓಡಾಡಿದ್ದೆ.

ಹಂಗಂತ ನಿಮ್ಮದು ಇಕೋರಾನೇ ಅಂತ ಫೋಟೋ ನೋಡಿ ಬರ್ಕೊಡಲ್ಲ, ಅದೇ ದಾರೀಲಿ ಬೇರೆ ಕಾರ್ಖಾನೆಗಳೂ ಮಾಡಿವೆ. ಆದ್ರೆ ಸಹಿ ಇಲ್ಲ ಅನ್ನೋದು ಅನುಮಾನಕ್ಕೆ ಕಾರಣ ಆಗ್ಬಾರ್ದು. ಇಕೋರಾ ಗಾಜಿಗೆ ಸಾಮಾನ್ಯವಾಗಿ ಕಾಗದದ ಚೀಟಿ ಅಂಟಿಸ್ತಿದ್ರು ಅಷ್ಟೇ, ನಾಲ್ಕು ಸಲ ತೊಳೆದ್ರೆ ಹೋಯ್ತು. ಬುಡ ನೋಡಿ, ನಟ್ಟನಡುವೆ ಒರಟು ಗಾಯದಂಥದ್ದು ಇದ್ರೆ ಅಥವಾ ಅದನ್ನ ಉಜ್ಜಿ ಪಾಲಿಶ್ ಮಾಡಿದ ತಗ್ಗು ಇದ್ರೆ, ಬಾಯಿ ತಿದ್ದೋವಾಗ ಇನ್ನೊಂದು ಕಂಬಿ ಅಂಟಿಸಿ ಹಿಡಿದ ಗುರುತು. ಮೈ ಮೇಲೆ ಅಚ್ಚಿನ ಗೆರೆ ಇಲ್ದಿದ್ರೂ ಅಚ್ಚು ಬಳಸಿರಬಹುದು. ಬೀಚ್ ಅನ್ನೋ ಯುರೋಪಿನ ಮರದ ಅಚ್ಚನ್ನ ನೀರಲ್ಲಿ ನೆನೆಸಿ ಅದರೊಳಗೆ ಗಾಜು ತಿರುಗಿಸ್ತಾ ಊದ್ತಾರೆ, ಮರಕ್ಕೂ ಗಾಜಿಗೂ ಮಧ್ಯ ಹಬೆಯ ಪೊರೆ ನಿಲ್ತದೆ, ಗೆರೆ ಬೀಳಲ್ಲ. ಅದೂ ಕೈಕೆಲಸವೇ.

ನನ್ನ ಮೇಜಿನ ಮೇಲೂ ಒಂದು ಪುಟ್ಟ ಹೂದಾನಿ ಇದೆ, ಜರ್ಮನಿಯದೇ ತುರಿಂಗಿಯಾ ರಾಜ್ಯದ ಲೌಷಾ ಊರಿಂದು. ಅದು ಬೇರೆ ಪಂಗಡ, ಸಿದ್ಧ ಗಾಜಿನ ನಳಿಕೆಯನ್ನ ಉರಿ ಮುಂದೆ ಕಾಯಿಸಿ ಊದಿದ್ದು, ಹಪ್ಪಳಕ್ಕಿಂತ ತೆಳು, ಎತ್ತೋಕೇ ಭಯ. ಲೌಷಾದಲ್ಲಿ ಕುಲುಮೆ ಹತ್ತಿದ್ದು 1597ರಲ್ಲಿ, ಬವೇರಿಯಾ ಕಾಡಿನ ಫ್ರೌಯೆನೌ ಊರಿನ ಹತ್ರ ಪೊಷಿಂಗರ್ ಮನೆತನ ಗಾಜಿನ ಕೆಲಸಕ್ಕೆ ಇಳಿದಿದ್ದು 1568ರಲ್ಲಿ. ಕಾಡಲ್ಲೇ ಯಾಕೆ ಅಂದ್ರೆ ಉರಿಗೂ ಸೌದೆ ಬೇಕು, ಮರಳು ಕರಗೋಕೆ ಮರದ ಬೂದಿನೂ ಬೇಕು, ಮರಳಲ್ಲಿನ ಕಬ್ಬಿಣದಿಂದ ಆಗಿನ ಕಾಡಿನ ಗಾಜು ಹೆಚ್ಚಾಗಿ ಹಸಿರು. 2023ರಲ್ಲಿ ಯುನೆಸ್ಕೊ ಈ ಕೈಗಾಜಿನ ವಿದ್ಯೆಯನ್ನ ಪಾರಂಪರಿಕ ಪಟ್ಟಿಗೆ ಸೇರಿಸ್ತು, ಜರ್ಮನಿ ಜೊತೆ ಇನ್ನೂ ಐದು ದೇಶದ್ದು. ನನಗೆ ಕಾಡೋದು ಒಂದೇ, ಪಟ್ಟಿಲಿ ವಿದ್ಯೆಗೆ ಹೆಸರಿದೆ, ಕಂಪನಿಗೂ ಹೆಸರಿದೆ, ನಿಮ್ಮ ಹೂದಾನಿ ಊದಿದೋರ ಹೆಸರು ಎಲ್ಲೂ ಇಲ್ಲ, ಗುಳ್ಳೆ ಮಾತ್ರ ಇದೆ. ಅದನ್ನೇ ಡಿಫೆಕ್ಟ್ ಅಂದ್ಬಿಟ್ರೆ ಹೆಂಗೆ ಹೇಳಿ?

ಒಳಗೆ ಬಿಳಿ ನೀರಿನ ಕಲೆ ಇದೆ ಅಂದಿದ್ರಲ್ಲ, ಉಗುರು ಬೆಚ್ಚಗಿನ ನೀರಿಗೆ ವಿನೆಗರ್ ಹಾಕಿ ರಾತ್ರಿ ಬಿಡಿ. ಡಿಶ್‌ವಾಶರ್ ಬೇಡವೇ ಬೇಡ, ಬಿಸಿನೀರೂ ಸುರೀಬೇಡಿ, ದಪ್ಪ ಗಾಜು ಒಳಗೊಂಥರ ಹೊರಗೊಂಥರ ಹಿಗ್ಗಿ ಸೀಳ್ತದೆ. ಒಣಗಿಸೋವಾಗ ಬೋರಲು ಹಾಕ್ಬೇಡಿ, ಮೊದ್ಲು ಚಕ್ಕೆ ಏಳೋದು ಬಾಯಿ ಅಂಚಲ್ಲೇ.