ಸೈಟು, ಬರೆ, ಲೈಸೆನ್ಸು: ಓದುಗರ ಸಂಶಯಕ್ಕೆ ಉತ್ತರ

ಪ್ರಶ್ನೆ: ಸಾರ್, ಮಡಿಕೇರಿ ಹತ್ರ ಎಂಟು ಸೆಂಟ್ ಜಾಗ ನೋಡಿದ್ದೀವಿ. ಮುಂಚೆ ಕಾಫಿ ತೋಟ ಆಗಿತ್ತು, ಈಗ ಜೆಸಿಬಿಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಸೈಟ್ ಮಾಡಿದ್ದಾರೆ. ಕನ್ವರ್ಷನ್ ಆಗಿದೆ, ನಾಳೆನೇ ಪಾಯ ತೆಗೀಬಹುದು ಅಂತಾರೆ ಮಾರೋರು. ನಂಬಬಹುದಾ?

ಉತ್ತರ: ಕನ್ವರ್ಷನ್ ಆಗಿದ್ರೆ ಒಳ್ಳೇದೇ, ಆದ್ರೆ ಅದು ಮನೆ ಕಟ್ಟೋ ಲೈಸೆನ್ಸ್ ಅಲ್ಲ. ಭೂ ಕಂದಾಯ ಕಾಯ್ದೆ ಸೆಕ್ಷನ್ 95ರ ಆ ಆದೇಶ, ಈ ಜಾಗನ ಬೇಸಾಯ ಬಿಟ್ಟು ಬೇರೆದಕ್ಕೆ ಬಳಸ್ಬಹುದು ಅನ್ನುತ್ತೆ, ಅಷ್ಟೇ. ಅದನ್ನ ಪೂರ್ತಿ ಓದಿ, ವಾಸಕ್ಕೆ ಅಂತಿದ್ಯಾ ವಾಣಿಜ್ಯಕ್ಕೆ ಅಂತಿದ್ಯಾ, ಯಾವ ಸರ್ವೆ ನಂಬರ್, ಷರತ್ತು ಏನೇನು ಹಾಕಿದ್ದಾರೆ, ಯಾಕಂದ್ರೆ ನಮ್ಮ ಜನ ಸೀಲು ಸಹಿ ನೋಡಿ ಮಡಚಿ ಬೀರುವಲ್ಲಿ ಇಟ್ಟುಬಿಡ್ತಾರೆ.

ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಹೋಗಿ, ಮಾಸ್ಟರ್ ಪ್ಲ್ಯಾನ್‌ಲಿ ಈ ಸರ್ವೆ ನಂಬರ್ ಯಾವ ವಲಯಕ್ಕೆ ಬರುತ್ತೆ ಕೇಳಿ. ನಕ್ಷೆಲಿ ಹಳದಿ ಅಂದ್ರೆ ವಾಸದ ವಲಯ. ಬೇರೆ ವಲಯ ಆಗಿದ್ರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕಾರ ಬದಲಾವಣೆ ಆಗಿದ್ಯಾ ನೋಡ್ಬೇಕು. ತೋಟನ ತುಂಡು ಮಾಡಿ ಮಾರ್ತಿರೋದ್ರಿಂದ ಸೆಕ್ಷನ್ 17ರಲ್ಲಿ ಲೇಔಟ್ ನಕ್ಷೆಗೆ ಒಪ್ಪಿಗೆನೂ ಬೇಕು, ರಸ್ತೆ ಪಾರ್ಕು ಜಾಗ ಬಿಟ್ಟುಕೊಟ್ಟ ಪತ್ರ ಸಮೇತ, ಇಲ್ಲದಿದ್ರೆ ನೀವು ಓಡಾಡೋ ರಸ್ತೆ ಇನ್ನೂ ಮಾರಿದವ್ರ ಹೆಸರಲ್ಲೇ ಇರುತ್ತೆ, ಒಂದು ದಿನ ಗೇಟ್ ಬೀಳುತ್ತೆ. ಖಾತೆ ಪಟ್ಟಣದೊಳಗೆ ನಮೂನೆ 3, ಪಂಚಾಯ್ತಿ ಆದ್ರೆ 9 ಮತ್ತು 11ಎ. 11ಬಿ, ಅಂದ್ರೆ ಸರಿಯಾದ ಒಪ್ಪಿಗೆ ಇಲ್ಲದ ಆಸ್ತಿಯ ನಮೂನೆ, ತೋರಿಸಿದ್ರೆ ಟೀ ಕುಡ್ದು ಎದ್ದು ಬನ್ನಿ. ಇಷ್ಟೆಲ್ಲ ಸರಿ ಇದ್ಮೇಲೇ ಲೈಸೆನ್ಸಿಗೆ ಅರ್ಜಿ.

ನಿಜ ಹೇಳ್ಬೇಕಂದ್ರೆ ನನಗೆ ಕಾಗದಕ್ಕಿಂತ ಆ ಬರೆ, ಅಂದ್ರೆ ಗುಡ್ಡ ಕಡಿದಾಗ ನಿಲ್ಲೋ ಕಡಿದಾದ ಮಣ್ಣಿನ ಗೋಡೆ, ಅದರದ್ದೇ ಭಯ. 2018ರ ಆಗಸ್ಟ್‌ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯ್ತು ಅಂತ ನಿಮಗೆ ಹೇಳ್ಬೇಕಿಲ್ಲ, ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಕೂಡ ಮಳೆ ಜೊತೆಗೆ ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದಿದ್ದನ್ನೂ ಕಾರಣ ಅಂತ ಹೇಳಿದೆ. ಸೈಟ್‌ನ ಅರ್ಧ ಕಡಿದ ಗಟ್ಟಿ ನೆಲ, ಇನ್ನರ್ಧ ಕಡಿದ ಮಣ್ಣನ್ನೇ ಕೆಳಗೆ ತಳ್ಳಿ ಸಮ ಮಾಡಿದ್ದು ಆಗಿರುತ್ತೆ, ನೋಡೋಕೆ ಎರಡೂ ಒಂದೇ ಥರ, ಮನೆ ಕಟ್ಟಿ ಎರಡು ಮಳೆಗಾಲ ಕಳೆದ್ಮೇಲೆ ಗೋಡೆಲಿ ಓರೆ ಬಿರುಕು ಬಂದಾಗ್ಲೇ ಗೊತ್ತಾಗೋದು. ಜನವರಿಲಿ ನೋಡಿ ಅಡ್ವಾನ್ಸ್ ಕೊಡ್ಬೇಡಿ, ಜುಲೈಲಿ ಹೋಗಿ. ಬರೆ ಬುಡದಲ್ಲಿ ಒರತೆ ಬರ್ತಿದ್ಯಾ, ತಡೆಗೋಡೆಲಿ ನೀರು ಹೊರಗೆ ಬರೋಕೆ ಪೈಪ್ ಬಿಟ್ಟಿದ್ದಾರಾ, ನೀರು ಹರಿಯೋ ಹಳೇ ತೋಡು ಮುಚ್ಚಿ ಅದರ ಮೇಲೆ ರಸ್ತೆ ಮಾಡಿದ್ದಾರಾ ನೋಡಿ. ಪೈಪ್ ಇಲ್ಲದ ಗೋಡೆ ಎಷ್ಟೇ ದಪ್ಪ ಇದ್ರೂ ಹೊಟ್ಟೆ ಬಿಡುತ್ತೆ. ಬ್ರೋಕರ್ ಹತ್ರ ಮಾತ್ರ ಕೇಳ್ಬೇಡಿ, ಕೆಳಗಿನ ಮನೆಯವ್ರನ್ನ ಕೇಳಿ, ಅವ್ರು ಎಲ್ಲಾ ಹೇಳ್ತಾರೆ.

ಪ್ರಶ್ನೆ: ಕುಶಾಲನಗರದಲ್ಲಿ 25 ಸೆಂಟಲ್ಲಿ 16 ಫ್ಲ್ಯಾಟ್ ಬರ್ತಿದೆ. ಬಿಲ್ಡರ್ ಈಗ್ಲೇ 30 ಪರ್ಸೆಂಟ್ ಕೊಟ್ರೆ ರೇಟ್ ಕಮ್ಮಿ ಅಂತಿದ್ದಾರೆ, ಅಗ್ರಿಮೆಂಟ್ ಆಮೇಲಂತೆ.

ಉತ್ತರ: ಕೊಡ್ಬೇಡಿ. ಇಷ್ಟು ದೊಡ್ಡ ಪ್ರಾಜೆಕ್ಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ರಿಜಿಸ್ಟರ್ ಆಗದೆ ಜಾಹೀರಾತು ಹಾಕೋದೇ ತಪ್ಪು, ಬುಕಿಂಗ್ ದೂರದ ಮಾತು. ರಿಜಿಸ್ಟರ್ ಆಗಿದ್ರೂ ಅಗ್ರಿಮೆಂಟ್ ನೋಂದಣಿ ಆಗೋ ಮುಂಚೆ 10 ಪರ್ಸೆಂಟಿಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ ನೋಡಿ, ಒಪ್ಪಿಗೆ ಆದ ನಕ್ಷೆ ಅಲ್ಲೇ ಸಿಗ್ಬೇಕು. ಹಾಗೇ ಜಾಗ ಕಾವೇರಿ ದಡದ ಕಡೆ ಇದ್ರೆ, 2018, 2019ರಲ್ಲಿ ಅಲ್ಲಿ ಎಲ್ಲಿ ತನಕ ನೀರು ಬಂದಿತ್ತು ಅಂತ ಅಕ್ಕಪಕ್ಕ ವಿಚಾರಿಸಿ.

ಪ್ರಶ್ನೆ: ನಮ್ಮದೇ ತೋಟದಲ್ಲಿ ಮನೆ ಕಟ್ಟಿ, ಒಂದೆರಡು ರೂಮು ಹೋಂಸ್ಟೇಗೆ ಕೊಡೋಣ ಅಂತ ಮನೆಯವ್ರ ಆಸೆ. ಆರ್‌ಟಿಸಿಲಿ ದೊಡ್ಡಪ್ಪಂದಿರ ಹೆಸರೂ ಇದೆ, ಜಮ್ಮಾ ಬಾಣೆ, ಅಂದ್ರೆ ಕೊಡಗಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು.

ಉತ್ತರ: ಸ್ವಂತ ವಾಸಕ್ಕೆ ತೋಟದ ಮನೆ ಅಂದ್ರೆ ಹಿಡುವಳಿಯ 10 ಪರ್ಸೆಂಟ್ ಮಿತಿಯೊಳಗೆ ಕನ್ವರ್ಷನ್ ಇಲ್ಲದೆ ಕಟ್ಕೋಬಹುದು. ಆದ್ರೆ ಅದನ್ನ ವಾಣಿಜ್ಯಕ್ಕೆ ಕೊಡೋ ಹಾಗಿಲ್ಲ ಅಂತ ಅದೇ ಸೆಕ್ಷನ್ 95ರಲ್ಲೇ ಇದೆ, ಹಾಗಾಗಿ ಹೋಂಸ್ಟೇ ಮನಸಲ್ಲಿದ್ರೆ ಮೊದಲೇ ಕನ್ವರ್ಷನ್ ಮಾಡ್ಸಿ. ಅದಕ್ಕೂ ಮುಂಚೆ ದೊಡ್ಡಪ್ಪಂದಿರ ಜೊತೆ ಕೂತು ಮಾತಾಡಿ, ಯಾರ ಪಾಲು ಎಲ್ಲಿ ಅಂತ ಸರ್ವೆ ಮಾಡ್ಸಿ, ಒಪ್ಪಿಗೆನ ಬರವಣಿಗೆಲೇ ತಗೊಳ್ಳಿ. ಕೈಲ್‌ಪೊಳ್ದ್ ಹಬ್ಬಕ್ಕೆ ಎಲ್ಲ ಐನ್‌ಮನೆಲಿ (ಕುಟುಂಬದ ಮೂಲ ಮನೆ) ಸೇರ್ತಾರಲ್ಲ, ಆಗ್ಲೇ ಕೇಳೋದು ವಾಸಿ, ಊಟಕ್ಕೆ ಮುಂಚೆ.